ತಿಪ್ಪೇಶಪ್ಪ ಮೇಷ್ಟ್ರ ಸೂಕ್ಷ್ಮದರ್ಶಕ

ಮಧ್ಯ ಕರ್ನಾಟಕದ ಸರ್ಕಾರಿ ಪದವಿಪೂರ್ವ ಕಾಲೇಜುಗಳಲ್ಲಿ ಜೀವಶಾಸ್ತ್ರವನ್ನು ಕಣ್ಣಾರೆ ಕಾಣುವ ವಿದ್ಯೆಯನ್ನಾಗಿ ಬೆಳೆಸಿದ ಕೆಲವೇ ಅಧ್ಯಾಪಕರಲ್ಲಿ ಶ್ರೀ ಎಸ್. ತಿಪ್ಪೇಶಪ್ಪನವರು ಗಣ್ಯರು. ಅವರು ಸೇವೆಗೆ ಸೇರಿದ ಮೊದಲ ವರ್ಷ ಜಗಳೂರಿನ ಕಾಲೇಜಿನ ಕಿಟಕಿಯೆದುರಿನ ಗೋಡೆಗೆ ತಾವೇ ನಿಂತು ಸುಣ್ಣ ಬಳಿದ ಸಂಗತಿಯನ್ನು ಆ ಊರಿನ ಹಳೆಯ ವಿದ್ಯಾರ್ಥಿಗಳು ಇಂದಿಗೂ ನೆನೆಯುತ್ತಾರೆ.

ಅಂದು ಆ ಕಾಲೇಜಿನಲ್ಲಿದ್ದುದು ಒಂದೇ ಸೂಕ್ಷ್ಮದರ್ಶಕ. ಅದೂ ಬೀರುವಿನೊಳಗೆ ಬೀಗಮುದ್ರೆಯಲ್ಲಿತ್ತು. ಅಲ್ಲಿನ ವಿದ್ಯಾರ್ಥಿಗಳು ಅದರ ಭಾಗಗಳ ಹೆಸರುಗಳನ್ನು ಮೇಲಿನ ಮಸೂರದಿಂದ ಕೆಳಗಿನ ಪಾದದವರೆಗೆ ಒಂದೇ ಉಸಿರಿಗೆ ಒಪ್ಪಿಸಬಲ್ಲವರಾಗಿದ್ದರು. ಆದರೆ ಅದನ್ನು ಮುಟ್ಟಿದವರು ಒಬ್ಬರೂ ಇರಲಿಲ್ಲ. ತಿಪ್ಪೇಶಪ್ಪನವರು ಅದನ್ನು ಹೊರತೆಗೆದು, ಮಸೂರಗಳಿಗೆ ಹಿಡಿದಿದ್ದ ಬೂಷ್ಟನ್ನು ನಯವಾದ ಹತ್ತಿಬಟ್ಟೆಯಿಂದ ಒರೆಸಿ, ತಿರುಪುಗಳಿಗೆ ಎಣ್ಣೆ ಬಿಟ್ಟು ಸಿದ್ಧಗೊಳಿಸಿದರು. ಉಳಿದದ್ದು ಬೆಳಕಿನ ತೊಡಕು. ಕೊಳವೆಯ ಕೆಳಗಿನ ಕನ್ನಡಿಯನ್ನು ಬಿಸಿಲಿಗೆ ತಿರುಗಿಸುವಂತಿಲ್ಲ, ಕಣ್ಣು ಹೋದೀತು. ಕೋಣೆಯ ದೀಪವನ್ನು ನೆಚ್ಚೋಣವೆಂದರೆ ಕರೆಂಟು ಬಂದಷ್ಟೇ ಬೇಗ ಹೋಗುತ್ತಿತ್ತು. ವಾರಗಟ್ಟಲೆ ಹೆಣಗಿದ ಮೇಲೆ ಅವರಿಗೆ ಹೊಳೆದ ಉಪಾಯವೆಂದರೆ ಎದುರಿನ ಮಣ್ಣುಬಣ್ಣದ ಗೋಡೆಯನ್ನೇ ಬೆಳ್ಳಗೆ ಮಾಡಿ, ಅದರ ಮೇಲೆ ಬಿದ್ದು ತಣ್ಣಗಾದ ಬಿಸಿಲನ್ನು ಕನ್ನಡಿಗೆ ಹಿಡಿಯುವುದು. ಈರುಳ್ಳಿಯ ಪೊರೆ ನೋಡುವುದಕ್ಕಾಗಿ ಇದೆಲ್ಲ ಎಂದು ಕೇಳಿ, ಬಕೆಟ್ಟು ಹಿಡಿದುಕೊಂಡಿದ್ದ ಅಟೆಂಡರ್ ದೊಡ್ಡಣ್ಣನಿಗೆ ವಿಚಿತ್ರವೆನಿಸಿತು.

“ಸುಣ್ಣ ಹೊಡೆಯೋದು ಗೋಡೆಗೆ, ನೋಡೋದು ಈರುಳ್ಳಿಯಾಗೆ. ಊರಾಗೆ ಯಾರಿಗನ ಹೇಳಿದ್ರೆ ನಿಮ್ ಜೊತೆಗೆ ನನ್ನೂ ಸೇರಿಸಿ ನಗ್ತಾರೆ ಸಾರ್” ಎಂದನಂತೆ.

ಮರುದಿನ ಜಗಳೂರಿನ ಹೊಲದ ಈರುಳ್ಳಿಯ ಒಳಪೊರೆ, ಒಂದು ಹನಿ ಅಯೋಡಿನ್ನಿನಲ್ಲಿ ನೆಂದು, ಇಟ್ಟಿಗೆ ಕಟ್ಟಿದ ಗೋಡೆಯಂತೆ ಸಾಲುಸಾಲಾಗಿ ಕಾಣಿಸಿತು. ದೊಡ್ಡಣ್ಣನೂ ಸರದಿಯಲ್ಲಿ ನಿಂತು ನೋಡಿದ. ನೋಡಿದ ಮೇಲೆ ನಗಲಿಲ್ಲ.

ಭಾಗಗಳ ಹೆಸರಿಗಿಂತ ಮೊದಲು ಅವುಗಳ ಕೆಲಸವನ್ನು ಕಲಿಸುವುದು ತಿಪ್ಪೇಶಪ್ಪನವರ ಕ್ರಮವಾಗಿತ್ತು. ಒಂದು ಕೈ ತೋಳಿಗೆ, ಇನ್ನೊಂದು ಕೈ ಪಾದದ ಅಡಿಗೆ ಕೊಟ್ಟು, ಕೂಸನ್ನು ಎತ್ತಿಕೊಂಡ ಹಾಗೆ ಅದನ್ನು ಎತ್ತಬೇಕು. ಸ್ಲೈಡು ಮಲಗುವ ಹಲಗೆ ವೇದಿಕೆ. ಅದನ್ನು ಅಲುಗದಂತೆ ಒತ್ತಿ ಹಿಡಿಯುವವು ಕ್ಲಿಪ್ಪುಗಳು. ಎಷ್ಟು ಬೆಳಕು ಒಳಗೆ ಬರಬೇಕೆಂಬುದನ್ನು ತೀರ್ಮಾನಿಸುವುದು ವೇದಿಕೆಯ ಅಡಿಯ ಕಿಂಡಿ. ಎರಡು ತಿರುಪುಗಳ ಬಗ್ಗೆ ಅವರು ಹೇಳುತ್ತಿದ್ದುದನ್ನು ಕೇಳಿದವರು ಮರೆತಿಲ್ಲ: “ದೊಡ್ಡ ತಿರುಪು ಊರು ಹುಡುಕಾಕೆ, ಸಣ್ಣ ತಿರುಪು ಮನೆ ಹುಡುಕಾಕೆ.” ಕೊಳವೆಯನ್ನು ಇಳಿಸುವಾಗ ಪಕ್ಕದಿಂದ ನೋಡಬೇಕು, ಏರಿಸುವಾಗ ಮಾತ್ರ ಒಳಗೆ ಕಣ್ಣಿಡಬೇಕು, ಇದನ್ನು ತಪ್ಪಿದವರ ಸ್ಲೈಡು ಟಿಕ್ಕೆಂದು ಒಡೆಯುತ್ತಿತ್ತು. ಒಡೆದವರನ್ನು ಅವರು ಗದರುತ್ತಿರಲಿಲ್ಲ. ಚೂರುಗಳನ್ನು ತಾವೇ ಆಯ್ದು ಇನ್ನೊಂದು ಸ್ಲೈಡು ಕೊಡುತ್ತಿದ್ದರು.

ಅವರ ಪ್ರಯೋಗಶಾಲೆಯ ಹೆಸರಾಂತ ನಿಯಮವೊಂದು ಹುಟ್ಟಿದ್ದೂ ಜಗಳೂರಿನಲ್ಲೇ. ತರಗತಿಯ ಜಾಣೆಯಾದ ಜ್ಯೋತಿಲಕ್ಷ್ಮಿ ಒಂದು ದಿನ ಎಲ್ಲರಿಗಿಂತ ಮೊದಲು ನೋಡಿ, ಕಪ್ಪು ಅಂಚಿನ ದುಂಡನೆಯ ಆಕಾರವೊಂದನ್ನು ಕಂಡು, ಇದೇ ಜೀವಕೋಶವೆಂದು ಹಿಂದಿದ್ದವರಿಗೆ ಪಿಸುಗುಟ್ಟಿದಳು. ಅದು ಗಾಜಿನಡಿ ಸಿಕ್ಕಿಕೊಂಡ ಗಾಳಿಗುಳ್ಳೆಯಾಗಿತ್ತು. ಅವಳ ಮಾತನ್ನು ನಂಬಿ ಇಡೀ ತರಗತಿ ಗಾಳಿಗುಳ್ಳೆಯನ್ನೇ ಬರೆದು, ಅದಕ್ಕೆ ಬಾಣದ ಗುರುತು ಹಾಕಿ, ಭಾಗಗಳನ್ನೂ ಹೆಸರಿಸಿ ತಂದೊಪ್ಪಿಸಿತು. ಅಂದಿನಿಂದ ನೋಡಿದವರು ನೋಡಬೇಕಾದವರಿಗೆ ಏನನ್ನೂ ಹೇಳಕೂಡದು, ಕಂಡದ್ದನ್ನು ಮೌನವಾಗಿ ಬರೆಯಬೇಕು ಎಂಬ ಕಟ್ಟಳೆ ಬಂತು. ಒಮ್ಮೆಗೆ ಒಬ್ಬರೇ ನೋಡಬಲ್ಲ ಉಪಕರಣವದು. ಕಂಡದ್ದು ಕಂಡವರೊಬ್ಬರಿಗೇ ಸೇರಿದ್ದೆಂದು ಅವರು ನಂಬಿದ್ದರು. ವಿದ್ಯಾರ್ಥಿಗಳಿಗೆ ವಿಧಿಸಿದ್ದನ್ನು ತಮಗೂ ವಿಧಿಸಿಕೊಂಡರು.

ಅಲ್ಲಿಂದ ಹೊನ್ನಾಳಿಗೆ ವರ್ಗವಾಯಿತು. ಹೊಳೆಯ ಸಮೀಪದ ಬಾಡಿಗೆ ಮನೆಯಲ್ಲಿ ಅವರೂ ಅವರ ಪತ್ನಿ ಕಸ್ತೂರಮ್ಮನವರೂ ಸಂಸಾರ ಹೂಡಿದರು. ಮಕ್ಕಳಾಗಲಿಲ್ಲ. ಕೆಲವು ವರ್ಷಗಳಲ್ಲಿಯೇ ಕಸ್ತೂರಮ್ಮನವರು ಅಲ್ಪಕಾಲದ ಜ್ವರದಲ್ಲಿ ತೀರಿಕೊಂಡರು. ಕಾರ್ಯ ಮುಗಿಸಿ ಮರಳಿ ಬಂದ ಅಧ್ಯಾಪಕರು ಅದರ ಬಗ್ಗೆ ಯಾರೊಂದಿಗೂ ಒಂದು ಮಾತನ್ನೂ ಆಡದೆ, ನಿಂತಿದ್ದ ಪಾಠವನ್ನು ನಿಂತಲ್ಲಿಂದಲೇ ಮುಂದುವರಿಸಿದರು. ಸಹೋದ್ಯೋಗಿಗಳು ಸಾಂತ್ವನ ಹೇಳಲು ಬಂದಾಗ ಎದ್ದುನಿಂತು ಕೈಮುಗಿದು, ಕೂರಲು ಕುರ್ಚಿ ಕೊಡುತ್ತಿದ್ದರು. ಆಮೇಲಾಮೇಲೆ ಭಾನುವಾರವೂ ಪ್ರಯೋಗಶಾಲೆಯ ಬಾಗಿಲು ತೆರೆದಿರುತ್ತಿತ್ತು. ಬೆಳಿಗ್ಗೆ ಮಾಡಿದ ಸಾರನ್ನೇ ರಾತ್ರಿಗೂ ಬಿಸಿ ಮಾಡಿಕೊಂಡು ಉಣ್ಣುವ ಆ ಮನೆಗಿಂತ, ಹೊಳೆಯ ನೀರಿನ ಒಂದು ಹನಿಯೊಳಗೆ ಓಡಾಡುವ ಜೀವಿಗಳೇ ಅವರಿಗೆ ಹೆಚ್ಚು ಸದ್ದಿನ ಸಂಗಾತಿಗಳಾಗಿದ್ದವೆಂದು ತೋರುತ್ತದೆ.

ಆನಂತರ ವರ್ಗವಾಗಿ ನ್ಯಾಮತಿಯಲ್ಲಿದ್ದಾಗಿನ ಒಂದು ಉಪಕಾರವನ್ನು ಇಲ್ಲಿ ದಾಖಲಿಸಲೇಬೇಕು. ನೋಡುವಾಗ ಎರಡು ಕಣ್ಣನ್ನೂ ತೆರೆದಿರಬೇಕೆಂಬುದು ಅವರ ಪಾಠ. ದುರುಗೇಶ್ ಎಂಬ ವಿದ್ಯಾರ್ಥಿ ಬಲಗಣ್ಣನ್ನು ಮಸೂರಕ್ಕೆ ಇಟ್ಟಾಗಲೆಲ್ಲ ಏನೂ ಬರೆಯುತ್ತಿರಲಿಲ್ಲ; ಎಡಗಣ್ಣು ಇಟ್ಟರೆ ಸೊಗಸಾಗಿ ಬರೆಯುತ್ತಿದ್ದ. ಮನೆಯವರಾಗಲಿ ಅವನಾಗಲಿ ಅರಿಯದಿದ್ದ ಆ ಕಣ್ಣಿನ ಮಂದತೆಯನ್ನು ಅರಿತ ಮೇಷ್ಟ್ರು, ತಾವೇ ಬಸ್ಸಿನಲ್ಲಿ ದಾವಣಗೆರೆಗೆ ಕರೆದೊಯ್ದು, ಕಣ್ಣಿನ ವೈದ್ಯರಿಗೆ ತೋರಿಸಿ, ಅವನಿಗೆ ಕನ್ನಡಕ ಹಾಕಿಸಿಕೊಂಡು ಬಂದರು. ದಾರಿಯುದ್ದಕ್ಕೂ ಹುಡುಗನಿಗೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟಿದ್ದರಂತೆ.

ಮುಂದೆ ಚನ್ನಗಿರಿಯಲ್ಲಿ, ಸೇವೆಯ ಕೊನೆಯ ವರ್ಷಗಳಲ್ಲಿ, ಅವರು ಅದೇ ವೈದ್ಯರಲ್ಲಿಗೆ ತಮಗಾಗಿ ಹೋಗಬೇಕಾಯಿತು. ಜೊತೆಗೆ ಯಾರೂ ಇರಲಿಲ್ಲ. ಹೊರಗಿನ ಬೆಂಚಿನಲ್ಲಿ ಬಹಳ ಹೊತ್ತು ಕಾದರು. ಒಳಗೆ ಹೋದಾಗ, ಎರಡೂ ಕಣ್ಣುಗಳ ಅಕ್ಷಿಪಟಲದ ನಡುಭಾಗ ಸವೆಯುತ್ತಿದೆ, ಅಂಚಿನ ನೋಟ ಉಳಿದೀತು, ನಡುವಿನದು ಮರಳದು ಎಂದು ತಿಳಿಯಿತು. ನಡೆದಾಡಲು, ಅಡುಗೆ ಮಾಡಿಕೊಳ್ಳಲು ಹೇಗೋ ಸಾಲುವ ನೋಟ ಸೂಕ್ಷ್ಮದರ್ಶಕಕ್ಕೆ ಸಾಲುವುದಿಲ್ಲ. ಅವರಿಗೆ ಉಳಿದಿದ್ದ ಏಕೈಕ ಒಡನಾಟವೇ ಕೈಬಿಡುವ ಹೊತ್ತು ಅದು. ಎಂದಿನ ರೂಢಿಯಂತೆ ಅದನ್ನೂ ಅವರು ಯಾರಿಗೂ ಹೇಳಲಿಲ್ಲ. ತಿರುಪುಗಳು ಬೆರಳಿಗೆ ಬರುತ್ತಿದ್ದುದರಿಂದ ಪಾಠ ನಡೆಯಿತು. ಮಕ್ಕಳ ಚಿತ್ರಗಳನ್ನು ಕಣ್ಣಿನಂಚಿಗೆ ಹಿಡಿದು ತಿದ್ದಿದರು.

ಕೊನೆಯ ಪ್ರಾಯೋಗಿಕ ತರಗತಿಯ ಸಂಜೆ ನಡೆದುದನ್ನು ಅಂದಿನ ವಿದ್ಯಾರ್ಥಿನಿ ರಕ್ಷಾ ಈ ಅಭಿನಂದನಾ ಸಂಪುಟದ ಸಂಪಾದಕರಿಗೆ ವಿವರವಾಗಿ ತಿಳಿಸಿದ್ದಾಳೆ. ಅವಳು ಬಸವಾಪಟ್ಟಣದಿಂದ ಬಂದು ಹೋಗುತ್ತಿದ್ದವಳು. ಸೂಳೆಕೆರೆಯ ನೀರನ್ನು ಬಾಟಲಿಯಲ್ಲಿ ತಂದಿದ್ದಳು. ಉಳಿದವರೆಲ್ಲ ಹೊರಟುಹೋಗಿದ್ದರು, ಅವಳು ಬಸ್ಸಿಗಾಗಿ ಕಾಯುತ್ತ ಮೂಲೆಯ ಸ್ಟೂಲಿನಲ್ಲಿ ಕುಳಿತಿದ್ದಳು. ಮೇಷ್ಟ್ರು ಆ ನೀರಿನ ಒಂದು ಹನಿಯನ್ನು ಸ್ಲೈಡಿಗೆ ಬಿಟ್ಟು, ಗಾಜು ಮುಚ್ಚಿ, ಕನ್ನಡಿ ತಿರುಗಿಸಿ, ಬಗ್ಗಿ ಕಣ್ಣಿಟ್ಟರು. ದೊಡ್ಡ ತಿರುಪು, ಸಣ್ಣ ತಿರುಪು, ಮತ್ತೆ ದೊಡ್ಡ ತಿರುಪು. ಎಡಗಣ್ಣಿಟ್ಟರು, ಪುನಃ ಬಲಗಣ್ಣಿಟ್ಟರು. ಬೆಳಕಿನ ದುಂಡು ಬಿಲ್ಲೆಯ ನಟ್ಟನಡುವೆ ಮಸಿ ಒತ್ತಿದಂತಿತ್ತು. ಬಹಳ ಹೊತ್ತು ಹಾಗೆಯೇ ಬಗ್ಗಿದ್ದವರು ತಲೆಯೆತ್ತದೆಯೇ ಅವಳನ್ನು ಕರೆದರು.

“ರಕ್ಷಾ, ಬಾರಮ್ಮ. ಏನ್ ಕಾಣ್ತೈತೆ ಹೇಳು.”

“ಹೇಳಂಗಿಲ್ಲಲ್ಲ ಸಾರ್?”

“ಇವತ್ತು ಹೇಳು.”

ಅವಳು ಅಳುಕುತ್ತಲೇ ಕಣ್ಣಿಟ್ಟಳು. ಮೊದಲಿಗೆ ಪುಸ್ತಕದ ಹೆಸರುಗಳನ್ನು ಹೇಳಹೊರಟಾಗ ಅವರು ಬೇಡವೆಂದರು. ಹೆಸರು ತಮಗೆ ಗೊತ್ತು, ಕಂಡದ್ದು ಬೇಕು ಎಂದರು. ಆಮೇಲೆ ಅವಳಿಗೆ ಮಾತು ಬಂತು.

“ಹಸ್ರು ಎಳೆ ಒಂದೈತೆ ಸಾರ್, ಬುಗುರಿಗೆ ದಾರ ಸುತ್ತಿದಂಗೆ ಒಳಗೆಲ್ಲ ಸುತ್ಕಂಡೈತೆ. ಅದರ ಮಗ್ಗುಲಾಗೆ ಚಪ್ಪಲಿ ಮೆಟ್ಟಿನಂಥದ್ದು ಓಡ್ತೈತೆ. ಎಳೆಗೆ ತಲೆ ಹೊಡ್ಕಂತು. ಹಿಂದಕ್ಕೆ ಬಂತು. ಬಲಕ್ಕೆ ಹೋಯ್ತು ಸಾರ್, ಹೋಯ್ತು…”

ಮೇಷ್ಟ್ರ ಬೆರಳು ಸ್ಲೈಡನ್ನೂ ಬಲಕ್ಕೇ ಸರಿಸಿತು. ಮಸೂರ ಎಲ್ಲವನ್ನೂ ತಿರುವುಮುರುವು ಮಾಡಿ ತೋರಿಸುವುದರಿಂದ, ಬಲಕ್ಕೆ ಓಡಿದ್ದನ್ನು ಹಿಂದಕ್ಕೆ ತರಲು ಬಲಕ್ಕೇ ತಳ್ಳಬೇಕು. ಸಿಕ್ಕಿತೆಂದು ಅವಳು ಹೇಳಿದಳು. ಹೀಗೆ ಅವಳು ಹೇಳುತ್ತ, ಅವರು ಸರಿಸುತ್ತ, ಇಬ್ಬರೂ ಸೇರಿ ಒಂದು ಹನಿ ನೀರನ್ನು ಅಂಚಿನಿಂದ ಅಂಚಿಗೆ ನೋಡಿ ಮುಗಿಸಿದರು. ತಾವೂ ನೋಡುವಿರಾ ಎಂದು ಅವಳು ಎದ್ದು ಜಾಗ ಬಿಟ್ಟಾಗ, ತಮಗೆ ಇನ್ನು ಕಾಣುವುದಿಲ್ಲವೆಂಬುದನ್ನು ಅವರು ಮೊತ್ತಮೊದಲ ಬಾರಿಗೆ ಒಬ್ಬರ ಮುಂದೆ ಹೇಳಿದರು. ಅದರ ಬೆನ್ನಿಗೇ, ಯಾರೂ ಕೇಳದಿದ್ದರೂ, ಇನ್ನೊಂದನ್ನು ಹೇಳಿದರು.

“ಹೊನ್ನಾಳಿಯಾಗೆ ಒಂದಿನ ನಮ್ಮನೆಯವ್ರು ಬುತ್ತಿ ಕೊಡಾಕೆ ಲ್ಯಾಬಿಗೆ ಬಂದಿದ್ರು. ಹೊಳೆ ನೀರು ಇಟ್ಟಿದ್ದೆ. ಬಗ್ಗಿ ನೋಡಿ, ‘ಏನ್ರೀ, ಇಲ್ಲೊಂದು’ ಅಂದ್ರು. ಹೇಳ್ಬೇಡ, ಬರಿ ಅಂತ ಪೆನ್ಸಿಲ್ ಕೊಟ್ಟೆ. ನಕ್ಬಿಟ್ರು. ‘ನಾನೇನ್ ನಿಮ್ ಕಾಲೇಜ್ ಹುಡುಗೀನಾ’ ಅಂದು, ಪೆನ್ಸಿಲ್ ಅಲ್ಲೇ ಇಟ್ಟು ಹೋದ್ರು. ಏನ್ ಕಂಡ್ರು ಅಂತ ಮನೆಗೆ ಹೋದ್ಮೇಲೂ ನಾನು ಕೇಳ್ಲಿಲ್ಲ. ಮುಂದಿನ ಮಳೆಗಾಲಕ್ಕೆ ಅವ್ರೇ ಇರ್ಲಿಲ್ಲ.”

ನಿವೃತ್ತರಾದ ತಿಪ್ಪೇಶಪ್ಪನವರು ಈಗ ನ್ಯಾಮತಿಯಲ್ಲಿ ನೆಲೆಸಿದ್ದಾರೆ. ಅವರಿಗೆ ಆಯುಷ್ಯವೂ ಆರೋಗ್ಯವೂ ಹೇರಳವಾಗಿ ಒದಗಲಿ. ಉಳಿದಿರುವ ನೋಟ ಉಳಿದೇ ಇರಲಿ. ಮೂರು ದಶಕಗಳ ಕಾಲ ತೋರಿಸಿದವರು ಇನ್ನು ಮೇಲೆ ಹೇಳುವವರಾಗಲಿ, ಹೇಳಿಸಿಕೊಳ್ಳುವವರೂ ಆಗಲಿ. ಅವರ ಮನೆಯ ಬಾಗಿಲನ್ನು ತಟ್ಟುವ ಶಿಷ್ಯರ ಕೊರತೆ ಎಂದಿಗೂ ಆಗದಿರಲಿ ಎಂಬುದು ಈ ಸಂಪುಟದ ಬಳಗದ ಹಾರೈಕೆ.

ಆ ಸಂಜೆ ಬಸವಾಪಟ್ಟಣದ ಬಸ್ಸು ಕಾಲೇಜಿನ ಗೇಟಿನ ಬಳಿ ಹಾರ್ನ್ ಮಾಡಿತಂತೆ. ಬಸ್ಸು ಬಂತು, ಹೊರಡು ಎಂದು ಮೇಷ್ಟ್ರು ಹೇಳಿದರು. ರಕ್ಷಾ ಚೀಲವನ್ನು ಎತ್ತಿಕೊಳ್ಳಲಿಲ್ಲ. ಸ್ಟೂಲನ್ನು ಅವರ ಹತ್ತಿರಕ್ಕೆ ಎಳೆದುಕೊಂಡು ಕುಳಿತಳು.

“ಇನ್ನೊಂದು ಬಸ್ಸೈತೆ ಸಾರ್. ಅಮ್ಮೋರು ಬುತ್ತಿ ತಂದ್ರಲ್ಲ, ಅಲ್ಲಿಂದ ಇನ್ನೊಂದ್ಸಲ ಹೇಳ್ರಿ.”