ಅಕ್ಕನ ತೋಳಿನ ಬಣ್ಣ

ಹೋದ ತಿಂಗಳು ನನ್ನ ಬ್ಯೂಟಿ ಪಾರ್ಲರಿನ ಅಟ್ಟದಿಂದ ಹಳೆಯ ಮೇಕಪ್ ಪೆಟ್ಟಿಗೆಯನ್ನು ಇಳಿಸಿ ಒರೆಸುತ್ತಿದ್ದೆ. ತಳದಲ್ಲಿ ಒಂದು ಪ್ಯಾನ್‌ಕೇಕ್ ಡಬ್ಬಿ ಸಿಕ್ಕಿತು. ಮುಚ್ಚಳ ಬಿಗಿದುಕೊಂಡಿತ್ತು, ಚಮಚದ ತುದಿಯಿಂದ ಮೀಟಿ ತೆಗೆದೆ. ಒಣಗಿ ಬಿರಿದ ಕಂದು ಬಣ್ಣ. ಅದರಿಂದ ಎದ್ದ ವಾಸನೆ... ಹಳೆಯ ಪೌಡರು, ಬೆವರು, ಒದ್ದೆ ಸ್ಪಂಜು ಎಲ್ಲ ಕಲೆತ ಕಮಟು. ಮುಚ್ಚಳದ ಮೇಲೆ ಬಾಲ್‌ಪೆನ್ನಿನಲ್ಲಿ ‘ಕಾಡು’ ಎಂದು ಬರೆದಿತ್ತು. ಬರೆದದ್ದು ನಾನೇ. ಆ ಬಣ್ಣ ಯಾವ ಕಂಪನಿಯದೂ ಅಲ್ಲ. ಮೂರು ಡಬ್ಬಿಯ ಬಣ್ಣ ಕಲೆಸಿ, ಒಬ್ಬಳ ತೋಳಿನ ಪಕ್ಕ ಹಿಡಿದು, ಹೊಂದುವವರೆಗೂ ತಿದ್ದಿ ಮಾಡಿದ್ದು. ಆ ತೋಳು ನಮ್ಮ ಮಹಡಿ ಮನೆಯ ಅಕ್ಕನದು.

ಡಬ್ಬಿಯನ್ನು ಕಸದ ಗಾಡಿಗೆ ಎಸೆದು ಬಂದೆ. ಸಿಟ್ಟು ಅದರ ಜೊತೆ ಹೋಗಲಿಲ್ಲ.

ಮೈಸೂರಿನ ಕೆಸರೆಯಲ್ಲಿ ನಮ್ಮ ಮನೆಯ ಮೇಲೆ ಒಂದೇ ಕೋಣೆಯ ಬಾಡಿಗೆ ಮನೆ ಇತ್ತು. ಅಕ್ಕ ಅಲ್ಲಿಗೆ ಬಂದಾಗ ನಾನು ಪಿಯುಸಿ ಫೇಲಾಗಿ ಮನೆಯಲ್ಲಿ ಕೂತಿದ್ದೆ. ಅವಳು ಶಾಲಾ ಮಕ್ಕಳ ಯೂನಿಫಾರಂ ಹೊಲಿಯುವ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಜೇನುಕುರುಬರವಳು. ಅವಳು ಚಿಕ್ಕವಳಿದ್ದಾಗ ಅವರನ್ನೆಲ್ಲ ಕಾಡಿನಿಂದ ಎಬ್ಬಿಸಿ, ಕೋಟೆ ತಾಲ್ಲೂಕಿನ ಒಂದು ಹೊಸ ಹಾಡಿಯಲ್ಲಿ ಸಾಲುಮನೆ ಕೊಟ್ಟಿದ್ದರಂತೆ. ಅಲ್ಲಿಂದ ಆಶ್ರಮ ಶಾಲೆ, ಆಮೇಲೆ ಮೈಸೂರಿನ ಹಾಸ್ಟೆಲ್ಲು, ಆಮೇಲೆ ಹೊಲಿಗೆ ಮಿಷನ್ನು. ಬಂದ ಹೊಸತರಲ್ಲಿ ನಮ್ಮ ಬೀದಿಯ ಹೆಂಗಸರೆಲ್ಲ ಅವಳನ್ನು ನಾರು ಬೇರಿನ ಔಷಧಿ ಕೇಳುತ್ತಿದ್ದರು, ಕಲಬೆರಕೆ ಇಲ್ಲದ ಜೇನು ತರಿಸಿಕೊಡು ಎನ್ನುತ್ತಿದ್ದರು. ಅವಳು ನಗುತ್ತಲೇ ಹೇಳುತ್ತಿದ್ದಳು: “ಅಂಗ್ಡೀಲಿ ಸಿಗುತ್ತೆ ಕಣಮ್ಮ. ನಾನೂ ಅಲ್ಲೇ ತಗೊಳೋದು.”

ಸಂಜೆ ಅವಳು ಬೇರೆಯೇ ಆಗುತ್ತಿದ್ದಳು. ಒಂದು ಹವ್ಯಾಸಿ ನಾಟಕ ತಂಡ ಸೇರಿಕೊಂಡಿದ್ದಳು. ಹಳೆಯ ಶಾಲೆಯೊಂದರ ಶೆಡ್ಡಿನಲ್ಲಿ ತಾಲೀಮು. ಮೊದಮೊದಲು ಚಾಮರ ಬೀಸುವವಳು, ನೀರು ತಂದಿಡುವವಳು. ರಾಣಿಯ ಪಾತ್ರದವಳಿಗೆ ಜ್ವರ ಬಂದ ಒಂದು ದಿನ ಅಕ್ಕನನ್ನು ನಿಲ್ಲಿಸಿದರು. ಎಲ್ಲರ ಮಾತೂ ಅವಳಿಗೆ ಬಾಯಿಪಾಠ ಇತ್ತು. ಮಗನ ಹೆಣದ ಮುಂದೆ ರಾಣಿ ಅಳದೆ ನಿಲ್ಲುವ ದೃಶ್ಯ ಅದು. ಅಕ್ಕ ಅಳಲಿಲ್ಲ. ಗದ್ದ ಸ್ವಲ್ಪ ಮೇಲೆತ್ತಿ ನಿಂತಳು, ಅಷ್ಟೇ. ತಾಲೀಮು ನೋಡಲು ಬಂದು ನನ್ನ ಪಕ್ಕ ಕೂತಿದ್ದ ನಮ್ಮಮ್ಮ ನನ್ನ ಕೈ ಹಿಡಿದುಕೊಂಡು ಬಿಕ್ಕಿದಳು. ಅಲ್ಲಿಂದ ಮುಂದೆ ರಾಣಿ ಅಂದರೆ ಅಕ್ಕ, ಮುದುಕ ಅಂದರೂ ಅಕ್ಕ. ನಾನು ಬಣ್ಣ ಹಚ್ಚುವುದನ್ನು ಕಲಿತದ್ದು ಅದೇ ಶೆಡ್ಡಿನಲ್ಲಿ, ಅವಳ ಮುಖದ ಮೇಲೆ. ಆ ಕೆಲಸವೇ ಮುಂದೆ ನನ್ನನ್ನು ಸಿನಿಮಾದ ಒಬ್ಬ ಮೇಕಪ್ ಮಾಸ್ಟರ್ ಕೈಕೆಳಗೆ ಸೇರಿಸಿತು.

ಆ ಮಾಸ್ಟರೇ ಒಬ್ಬ ನಿರ್ದೇಶಕರನ್ನು ನಾಟಕಕ್ಕೆ ಕರೆತಂದರು. ಕಾಡಿನ ಹುಡುಗಿಯೊಬ್ಬಳ ಕಥೆ ಸಿನಿಮಾ ಮಾಡುತ್ತಿದ್ದಾರೆ, ನಾಯಕಿ ಬೇಕು ಎಂದರು. ಅಕ್ಕನನ್ನು ಕರೆಸಿ ಕ್ಯಾಮೆರಾ ಮುಂದೆ ನಿಲ್ಲಿಸಿದರು. ಅವಳು ತನ್ನ ಹಾಡಿಯ ಮಾತಿನಲ್ಲಿ ಐದು ನಿಮಿಷ ಅಭಿನಯಿಸಿದಳು. ಇಂಥ ನಡೆ, ಇಂಥ ಮಾತು ನಾನು ನೋಡೇ ಇಲ್ಲ ಎಂದು ನಿರ್ದೇಶಕರೇ ಹೇಳಿದರು. ಅದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಅವತ್ತು ಅಕ್ಕ ದೇವರಾಜ ಮಾರುಕಟ್ಟೆಯಿಂದ ನಮಗೆಲ್ಲ ಹೂ ತಂದಿದ್ದಳು, ಅಪ್ಪನ ಫೋಟೋಕ್ಕೂ ಸೇರಿಸಿ.

ಮೂರು ವಾರ ಸುದ್ದಿಯಿಲ್ಲ. ಆಮೇಲೆ ಮುಂಬಯಿಯ ಹುಡುಗಿ ನಾಯಕಿ ಎಂದು ಗೊತ್ತಾಯಿತು. ಹಾಲಿನಂಥ ಬಿಳುಪು, ಕನ್ನಡದ ಒಂದು ಮಾತೂ ಬಾರದು. ಕಥೆ ಅದೇ, ಕಾಡಿನ ಹುಡುಗಿಯದೇ. ನಿರ್ದೇಶಕರು ಅಕ್ಕನಿಗೆ ಎರಡು ಕೆಲಸ ಕೊಟ್ಟರು. ಮುಂಬಯಿ ಹುಡುಗಿಗೆ ನಡೆಯುವುದು, ಕೂರುವುದು, ಮಾತಾಡುವುದು ಕಲಿಸಬೇಕು. ಜೊತೆಗೆ ಆ ಹುಡುಗಿಯ ತಾಯಿಯ ಪಾತ್ರ ಮಾಡಬೇಕು. ಇಬ್ಬರ ನಡುವೆ ಐದೋ ಆರೋ ವರ್ಷದ ಅಂತರ! ನನಗೆ ಮೈ ಉರಿಯಿತು. ಅಕ್ಕ ಮಾತ್ರ, ತಾಯಿಯಾದ್ರೇನು, ಪರದೆ ಮೇಲೆ ನಮ್ಮೋರ ಮುಖ ಒಂದಾದ್ರೂ ಇರುತ್ತಲ್ಲ ಅಂದಳು.

ಬಣ್ಣ ಹೊಂದಿಸಿದ್ದು ಅದಾದ ಮೇಲೆ. ಮಾಸ್ಟರು, ನಿಮ್ಮಕ್ಕನ್ನ ಕರ್ಕೊಂಡು ಬಾ, ನಮಗೆ ಒರಿಜಿನಲ್ ಕಲರ್ ಬೇಕು ಅಂದರು. ನಾನು ಹೆಮ್ಮೆಯಿಂದಲೇ ಕರೆದುಕೊಂಡು ಹೋದೆ. ಈಗ ಅದನ್ನು ನೆನೆದರೆ... ಕಿಟಕಿಯ ಬೆಳಕಿಗೆ ಅವಳನ್ನು ಕೂರಿಸಿ, ಟವೆಲ್ಲಿನ ಮೇಲೆ ಅವಳ ತೋಳು ಇಟ್ಟುಕೊಂಡೆ. ಕಲೆಸಿ ಹಚ್ಚುವುದು, ಒರೆಸುವುದು, ಮತ್ತೆ ಹಚ್ಚುವುದು. ಅಕ್ಕ ತಾನೇ ಬಗ್ಗಿ ನೋಡಿ, “ಇನ್ನೂ ಒಂಚೂರು ಕೆಂಪು ಬೇಕು ಕಣೆ, ನನ್ನ ಕಪ್ಪಲ್ಲಿ ಕೆಂಪದೆ” ಅಂದಳು. ಸರಿಯಾಗಿ ಹೇಳಿದ್ದಳು. ಕೆಂಪು ಸೇರಿಸಿದೆ. ಹಚ್ಚಿದ ಬಣ್ಣ ಅವಳ ಚರ್ಮದಲ್ಲಿ ಮಾಯವಾಯಿತು, ಎಲ್ಲಿ ಹಚ್ಚಿದ್ದೆ ಅಂತ ನನಗೇ ತಿಳಿಯಲಿಲ್ಲ. ಕೋಣೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಅವಳೂ ನಕ್ಕಳು.

ಮಂಡಕಳ್ಳಿ ವಿಮಾನ ನಿಲ್ದಾಣದ ಆಚೆಯ ಹೊಲವೊಂದರಲ್ಲಿ ಕಾಡಿನ ಸೆಟ್ ಹಾಕಿದ್ದರು. ನೀಲಗಿರಿ ಕಂಬಗಳು, ಥರ್ಮೋಕೋಲಿನ ಬಂಡೆಗಳು. ದಿನಾ ಬೆಳಗ್ಗೆ ಎರಡು ಗಂಟೆ ನಾನು ಆ ಮುಂಬಯಿ ಹುಡುಗಿಯ ಮುಖ, ಕತ್ತು, ಕೈಕಾಲಿಗೆಲ್ಲ ಅಕ್ಕನ ಬಣ್ಣ ಬಳಿಯುತ್ತಿದ್ದೆ. ಕೆಟ್ಟ ಹುಡುಗಿಯಲ್ಲ ಅವಳು. ಬಣ್ಣ ಕಡಿಯುತ್ತದೆ ಎಂದು ಪಾಪ ಕಣ್ಣಲ್ಲಿ ನೀರು ಹಾಕಿಕೊಳ್ಳುತ್ತಿದ್ದಳು. ಆದರೆ ಸಂಜೆ ಅದನ್ನು ಎಣ್ಣೆ ಹಾಕಿ ಒರೆಸಿಕೊಂಡು ಕಾರು ಹತ್ತುತ್ತಿದ್ದಳು.

ಅವಳನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಅಕ್ಕನನ್ನು “ಏಯ್, ಬಾ ಇಲ್ಲಿ.” ನಾನೂ ಅಕ್ಕನನ್ನು ಏಕವಚನದಲ್ಲೇ ಕರೆಯುತ್ತಿದ್ದೆ, ಆದರೆ ಅದು ಒಂದೇ ತಟ್ಟೆಯಲ್ಲಿ ಉಂಡ ಸಲುಗೆಯದು. ಅವರದು ಬೇರೆ. ಊಟದ ಹೊತ್ತಿಗೆ ಪ್ರೊಡಕ್ಷನ್ನಿನವನೊಬ್ಬ ಕುಣಿಯುವ ಹುಡುಗಿಯರನ್ನೂ ಅಕ್ಕನನ್ನೂ ಸೇರಿಸಿ, ಟ್ರೈಬಲ್ ಬ್ಯಾಚ್ ಆ ಕಡೆ ಹೋಗ್ರಿ ಎಂದು ಕೈ ಬೀಸಿದ. ಆ ಹುಡುಗಿಯರೆಲ್ಲ ಮೈಸೂರಿನ ಡ್ಯಾನ್ಸ್ ಕ್ಲಾಸಿನವರು. ತಲೆಗೆ ಗರಿ, ಕೊರಳಿಗೆ ಮೂಳೆ, ಬಾಯಲ್ಲಿ ಹೂ ಹೂ ಎಂಬ ಕೂಗು. ಅಕ್ಕ ನಿರ್ದೇಶಕರ ಹತ್ತಿರ ಹೋಗಿ, ನಮ್ಮೋರು ಯಾರೂ ಗರಿ ಸಿಕ್ಕಿಸ್ಕೊಳಲ್ಲ ಸಾರ್, ಇಂಗೆ ಕೂಗೋದೂ ಇಲ್ಲ ಎಂದಳು.

“ಇದು ಸಿನಿಮಾ ಕಣಮ್ಮ. ನೋಡೋರಿಗೆ ಕಾಡು ಜನ ಅಂತ ಗೊತ್ತಾಗ್ಬೇಕಲ್ಲ?” ಅಂದರು ಅವರು.

ಹತ್ತಿಯ ಸೀರೆ ಉಟ್ಟು, ಕೈಯಲ್ಲಿ ಟಿಫಿನ್ ಡಬ್ಬಿ ಹಿಡಿದು, ಕಾಡಿನಲ್ಲಿ ಹುಟ್ಟಿದವಳೊಬ್ಬಳು ಅವರ ಎದುರೇ ನಿಂತಿದ್ದಳು. ಅವಳನ್ನು ನೋಡಿದರೆ ಅವರಿಗೆ ಗೊತ್ತಾಗಲಿಲ್ಲ.

ನಾಲ್ಕನೇ ದಿನ ತಾಯಿ ಮಗಳ ದೃಶ್ಯ. ಮಗಳ ತಲೆಯನ್ನು ತಾಯಿ ಮಡಿಲಿಗೆ ಎಳೆದುಕೊಳ್ಳಬೇಕು. ಅಕ್ಕ ಕೂತಳು, ಮುಂಬಯಿ ಹುಡುಗಿ ಮಲಗಿದಳು. ಕ್ಯಾಮೆರಾಮನ್ ಒಂದು ಶಾಟ್ ತೆಗೆದು ನಿರ್ದೇಶಕರನ್ನು ಕರೆದು ಏನೋ ಪಿಸುಗುಟ್ಟಿದ. ಅಷ್ಟರಲ್ಲಿ ತಲೆಯ ಮೇಲೆ ವಿಮಾನ ಇಳಿಯತೊಡಗಿತು, ಎಲ್ಲರೂ ಕೆಲಸ ನಿಲ್ಲಿಸಿದರು. ಆ ಗದ್ದಲದಲ್ಲೇ ನಿರ್ದೇಶಕರು ನನ್ನ ಹತ್ತಿರ ಬಂದು, ನಿಮ್ಮ ಕಡೆಯೋಳು ತಾನೇ, ನೀನೇ ಹೇಳು ಅಂದರು. ಏನು ಹೇಳಬೇಕೆಂದೂ ಹೇಳಿಕೊಟ್ಟರು.

ನಾನು ಹೋಗಿ ಹೇಳಿದೆ. ಈ ಬಾಯಿಂದಲೇ ಹೇಳಿದೆ.

“ಅಕ್ಕ, ನೀನು ಪಕ್ಕದಲ್ಲಿದ್ರೆ ಅವರದು ಮೇಕಪ್ಪು ಅಂತ ಗೊತ್ತಾಗ್ಬುಡುತ್ತಂತೆ.”

ಅವಳು ತನ್ನ ತೋಳು ನೋಡಿಕೊಂಡಳು. ಮಡಿಲಲ್ಲಿದ್ದ ಹುಡುಗಿಯ ತೋಳು ನೋಡಿದಳು. ನಿಜವಾಗಿಯೂ ಗೊತ್ತಾಗುತ್ತಿತ್ತು. ಒಂದು ಚರ್ಮ, ಇನ್ನೊಂದು ಗೋಡೆಗೆ ಹೊಡೆದ ಡಿಸ್ಟೆಂಪರ್. ಆಗ ಮಾಸ್ಟರು ಹಿಂದಿನಿಂದ, ಅದಕ್ಕೇನಂತೆ, ಅವಳಿಗೂ ಅದೇ ಬಣ್ಣ ದಪ್ಪಗೆ ಹೊಡಿ, ಇಬ್ಬರೂ ಒಂದೇ ಥರ ಕಾಣ್ತಾರೆ ಎಂದರು. ಎಲ್ಲರಿಗೂ ಅದು ಸರಿ ಅನ್ನಿಸಿತು. ನಾನು ಸ್ಪಂಜು ಅದ್ದಿದೆ. ಹೌದು, ಅದ್ದಿದೆ. ಅವಳ ಬಣ್ಣವನ್ನೇ ಅವಳ ಮೇಲೆ ಬಳಿಯಲು ಬಗ್ಗಿದೆ. ಅಕ್ಕ ನನ್ನ ಮಣಿಕಟ್ಟು ಹಿಡಿದಳು.

“ಬ್ಯಾಡ ಕಣೆ. ಇಷ್ಟು ಬ್ಯಾಡ.”

ಅಷ್ಟೇ ಅಂದದ್ದು. ಮಡಿಲಲ್ಲಿದ್ದ ತಲೆಯನ್ನು ಮೆಲ್ಲಗೆ ದಿಂಬಿನ ಮೇಲಿಟ್ಟು ಎದ್ದಳು. ಬಟ್ಟೆ ಬದಲಾಯಿಸಿಕೊಂಡು, ಟಿಫಿನ್ ಡಬ್ಬಿ ತೆಗೆದುಕೊಂಡು, ಹೊಲದ ಬದುವಿನ ಮೇಲೆ ನಂಜನಗೂಡು ರಸ್ತೆಯ ಕಡೆ ನಡೆದು ಹೋದಳು. ಯಾರೂ ಕರೆಯಲಿಲ್ಲ. ನಾನೂ ಅವಳ ಹಿಂದೆ ಹೋಗಬೇಕಿತ್ತು. ಹೋಗಲಿಲ್ಲ. ಕೈಯಲ್ಲಿದ್ದ ಒದ್ದೆ ಸ್ಪಂಜಿನಿಂದ ಮುಂಬಯಿ ಹುಡುಗಿಯ ಕೆನ್ನೆಗೆ ಟಚಪ್ ಕೊಟ್ಟೆ. ಮಾರನೆಯ ದಿನ ತಾಯಿಯ ಪಾತ್ರಕ್ಕೆ ಬೇರೊಬ್ಬ ನಟಿ ಬಂದರು, ಅವರಿಗೂ ಅದೇ ಡಬ್ಬಿ.

ಇಷ್ಟಕ್ಕೇ ಮುಗಿಯಲಿಲ್ಲ. ಕೆಲವು ತಿಂಗಳ ನಂತರ ನಿರ್ದೇಶಕರು ಕೆಸರೆಗೆ, ನಮ್ಮ ಮಹಡಿ ಮೆಟ್ಟಿಲು ಹತ್ತಿ ಬಂದರು. ಮುಂಬಯಿ ಹುಡುಗಿಯ ಬಾಯಲ್ಲಿ ಹಾಡಿಯ ಮಾತು ಹೊರಳಿಲ್ಲ, ಡಬ್ಬಿಂಗ್ ಮಾಡಿಕೊಡಬೇಕು ಎಂದರು. ಈಗ ಬಹುವಚನ, ಈಗ ‘ತಾಯಿ’. ಅವರ ಮುಖದ ಮೇಲೆ ಬಾಗಿಲು ಹಾಕು ಅಂದೆ. ಅಕ್ಕ ಒಪ್ಪಿಕೊಂಡಳು.

“ಮಾತಾದ್ರೂ ನೆಟ್ಟಗಿರ್ಲಿ. ಅದನ್ನೂ ಕೆಡಿಸ್ಬುಟ್ರೆ ನಮ್ಮಣ್ಣನ ಮಗಳು ಅದನ್ನೇ ಕೇಳ್ಕಂಡು ಬೆಳೀತಾಳೆ.”

ಸಿನಿಮಾ ಬಂತು. ನಾನು, ಅಮ್ಮ, ಅಕ್ಕ ಮೂವರೂ ಹೋದೆವು. ಕತ್ತಲಲ್ಲಿ ಅಕ್ಕನ ದನಿ ಬರುತ್ತಿತ್ತು, ಅಕ್ಕನ ನಡಿಗೆ ನಡೆಯುತ್ತಿತ್ತು, ಅಕ್ಕನ ಬಣ್ಣ ಹೊಳೆಯುತ್ತಿತ್ತು. ಹಿಂದಿನ ಸೀಟಿನವನು ಹೆಂಡತಿಗೆ, ಎಷ್ಟು ಒರಿಜಿನಲ್ ಆಗಿ ಮಾಡವ್ಳೆ ನೋಡು ಅಂದ. ನಾನು ತಿರುಗಿ ಏನೋ ಅನ್ನಲು ಹೋದೆ, ಅಕ್ಕ ತೊಡೆ ಅದುಮಿದಳು. ಕೊನೆಯ ಹೆಸರು ಹೋಗುವವರೆಗೂ ನಾನು ಸೀಟು ಬಿಟ್ಟು ಏಳಲಿಲ್ಲ. ಮೇಕಪ್ ಸಹಾಯಕರಲ್ಲಿ ನನ್ನ ಹೆಸರಿತ್ತು. ಅವಳ ಹೆಸರು ಎಲ್ಲಿಯೂ ಇರಲಿಲ್ಲ. ‘ಅರಣ್ಯವಾಸಿಗಳಿಗೆ ಕೃತಜ್ಞತೆಗಳು’ ಎಂದು ಒಂದು ಸಾಲಿತ್ತು. ಆಮೇಲೆ ಟಿವಿಯಲ್ಲಿ ಮುಂಬಯಿ ಹುಡುಗಿ, ಕಾಡಿನ ಜನರ ಜೊತೆ ಇದ್ದು ಅವರ ಭಾಷೆ ಕಲಿತೆ ಎಂದಳು. ಯಾವ ಕಾಡು? ಅವಳು ಕಲಿತದ್ದು ಗಾರ್ಮೆಂಟ್ಸಿನ ಟೈಲರೊಬ್ಬಳ ಹತ್ತಿರ, ಹೋಟೆಲ್ಲಿನ ಎಸಿ ರೂಮಿನಲ್ಲಿ.

ಸಿನಿಮಾ ಓಡಿದ್ದರ ಫಲ ಅಕ್ಕನಿಗೂ ಸಿಕ್ಕಿತು. ಬಸ್‌ಸ್ಟಾಪಿನಲ್ಲಿ ಪಡ್ಡೆ ಹುಡುಗರು ಅವಳನ್ನು ಕಂಡು ಹೂ ಹೂ ಎಂದು ಕೂಗತೊಡಗಿದರು. ಅಷ್ಟು ವರ್ಷ ಅವಳನ್ನು ರಾಣಿಯಾಗಿ ನೋಡಿದ್ದ ನಾಟಕ ತಂಡದವರೇ, ಮುಂದಿನ ನಾಟಕದಲ್ಲಿ ಒಂದು ಕಾಡು ಹೆಂಗಸಿನ ಪಾತ್ರ ಇದೆ, ನಿನಗೆ ಹೇಳಿ ಮಾಡಿಸಿದ ಹಾಗಿದೆ ಎಂದರು. ಅಕ್ಕ ಶೆಡ್ಡಿಗೆ ಹೋಗುವುದನ್ನು ಬಿಟ್ಟಳು. ಅದೇ ವರ್ಷ ಅವಳ ಅತ್ತಿಗೆ ತೀರಿಕೊಂಡರು. ಅಣ್ಣನ ಮಗಳನ್ನು ನೋಡಿಕೊಳ್ಳಲು ಹಾಡಿಗೆ ಹೊರಟಳು. ಹೋಗುವಾಗ ನನ್ನ ತಲೆ ಸವರಿ, ಚೆನ್ನಾಗಿ ಕೆಲ್ಸ ಮಾಡು ಅಂದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಬರ್ತೀನಿ ಅಕ್ಕ, ಬಂದು ನೋಡ್ತೀನಿ ಎಂದಿದ್ದೆ... ಆರು ವರ್ಷ ಹೋಗಲಿಲ್ಲ. ನನಗೆ ಆ ಬಣ್ಣದಿಂದಲೇ ಇನ್ನೆರಡು ಸಿನಿಮಾ ಸಿಕ್ಕಿದ್ದವು. ಆ ಕೆಲಸ ಬಿಟ್ಟು ಪಾರ್ಲರ್ ತೆರೆದ ಮೇಲೂ ಹೋಗಲಿಲ್ಲ. ನಾಚಿಕೆಗೆ ನಾನು ಕೊಟ್ಟ ಹೆಸರು ಪುರುಸೊತ್ತಿಲ್ಲ ಅಂತ.

ಡಬ್ಬಿ ಎಸೆದ ಮಾರನೆಯ ಭಾನುವಾರ ಕೋಟೆಯ ಬಸ್ಸು ಹತ್ತಿದೆ. ಅಲ್ಲಿಂದ ಆಟೋ. ಸಾಲುಮನೆಗಳ ಕೊನೆಯಲ್ಲಿ ಅಣ್ಣನ ಮಗಳು ಸಿಕ್ಕಳು. ಈಗ ಡಿಗ್ರಿ ಓದುತ್ತಿದ್ದಾಳೆ. ಹೆಸರು ಹೇಳುತ್ತಲೇ ನನ್ನ ಗುರುತು ಹಿಡಿದಳು.

“ಅತ್ತೆ ಹೋಗಿ ಎರಡು ವರ್ಷ ಆಯ್ತು ಆಂಟಿ. ಕಾಮಾಲೆ ಆಗಿತ್ತು. ನಿಮ್ಮ ನಂಬರ್ ನಮ್ಮತ್ರ ಇರ್ಲಿಲ್ಲ.”

ಅಕ್ಕನ ಅವ್ವ ಜಗಲಿಯಲ್ಲಿ ಮೊರ ಹಿಡಿದು ರಾಗಿ ಕೇರುತ್ತಿದ್ದರು. ನಾನು ಅವರ ಪಕ್ಕ ಕೂತು ಅತ್ತುಬಿಟ್ಟೆ. ಆಮೇಲೆ, ಅವಳ ಫೋಟೋ ಇದೆಯಾ ಎಂದು ಕೇಳಿದೆ. ಹುಡುಗಿ ಗಾರ್ಮೆಂಟ್ಸಿನ ಗುರುತಿನ ಚೀಟಿ ತಂದು ತೋರಿಸಿದಳು. ಬೆರಳುಗುರಿನಷ್ಟು ಮುಖ, ಅರ್ಧ ಅಳಿಸಿದೆ. ನಾಟಕದ್ದು ಏನೂ ಇಲ್ಲ. ನಮ್ಮ ತಂಡದಲ್ಲಿ ಆಗ ಯಾರೂ ವಿಡಿಯೋ ಮಾಡಿರಲಿಲ್ಲ.

“ದನಿ ಅದೆ” ಎಂದು ಹುಡುಗಿ ಮೊಬೈಲು ತೆಗೆದಳು. ಆ ಸಿನಿಮಾ ಹುಡುಕಿ, ಒಂದು ದೃಶ್ಯಕ್ಕೆ ಸರಿಸಿ, ಮೊಬೈಲನ್ನು ಚಾಪೆಯ ಮೇಲೆ ಬೋರಲು ಹಾಕಿದಳು. ನಾನು ಅವಳ ಮುಖ ನೋಡಿದೆ.

“ಆ ಮುಖ ನೋಡಿದ್ರೆ ಅಜ್ಜಿಗೆ ಅತ್ತೆ ಅನ್ಸಲ್ವಂತೆ. ಅದ್ಕೇ ಇಂಗಿಟ್ಟು ಕೇಳ್ತೀವಿ.”

ಚಾಪೆಯ ಒಳಗಿಂದ ಅಕ್ಕ ಮಾತಾಡಿದಳು. ಅವ್ವ ಮೊರ ನಿಲ್ಲಿಸಿದರು. ಮಗಳು ತಾಯಿಯನ್ನು ಕರೆಯುವ ಮಾತು ಅದು. ನನಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಮುಗಿದ ಮೇಲೆ ಅವ್ವ ಮೊಮ್ಮಗಳ ಕಡೆ ನೋಡಿದರು. ಹುಡುಗಿ ಮೊಬೈಲೆತ್ತಿ ಆ ಮಾತನ್ನು ಹಿಂದಕ್ಕೆ ಸರಿಸಿ, ಮತ್ತೆ ಬೋರಲು ಹಾಕಿದಳು.

ಅಕ್ಕ ರಾಣಿಯಾಗಿ ಗದ್ದವೆತ್ತಿ ನಿಂತದ್ದನ್ನು ಈ ಮಗು ನೋಡಿಲ್ಲ. ನೋಡಿದ್ದ ನಮ್ಮಮ್ಮ ಹೋಗಿಯಾಯಿತು. ಆ ಶೆಡ್ಡಿನಲ್ಲಿದ್ದವರು ಹತ್ತಿಪ್ಪತ್ತು ಜನ ಎಲ್ಲೆಲ್ಲೋ ಇದ್ದೇವೆ. ನಾವೂ ಹೋದ ಮೇಲೆ...