ಬಸ್ ಯಾವುದು ಎಂದು ಕೇಳುತ್ತಿದ್ದ ಅಕ್ಕ

ಅಕ್ಕನ ಎಡಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದವಾಗಿ, ಹಳದಿಗೆ ತಿರುಗಿ, ತುದಿಯಲ್ಲಿ ಚಮಚದಂತೆ ಬಾಗಿತ್ತು. ಮೂವತ್ತು ವರ್ಷ ಬೀಡಿಯ ಬಾಯಿ ಮಡಚಿದ ಉಗುರು ಅದು. ಬೀಡಿ ಕಟ್ಟುವುದನ್ನು ಬಿಟ್ಟ ಮೇಲೂ ಅವರು ಅದನ್ನು ಕತ್ತರಿಸಿರಲಿಲ್ಲ. "ಇರಲಿ, ದಾರದ ಗಂಟು ಬಿಡಿಸ್ಲಿಕ್ಕೆ ಆಗ್ತದೆ" ಅನ್ನುತ್ತಿದ್ದರು.

ಬೀಡಿ ಕೆಲಸ ಕಡಿಮೆಯಾಗಿ ಬೆಳ್ಮಣ್ ಸುತ್ತಲಿನ ಹೆಂಗಸರು ಕೈಕಟ್ಟಿ ಕುಳಿತಿದ್ದ ಕಾಲದಲ್ಲಿ ನಾನು ಅಲ್ಲೊಂದು ಹೊಲಿಗೆ ಘಟಕ ಆರಂಭಿಸಿದೆ. ಆಸ್ಪತ್ರೆಯಲ್ಲಿ ರೋಗಿಗಳು ತೊಡುವ ಗೌನುಗಳನ್ನು ಹೊಲಿಯುವುದು, ಬಂದ ಲಾಭವನ್ನು ಕೆಲಸದವರಿಗೇ ಬಳಸುವುದು ನನ್ನ ಯೋಜನೆ. ಮಣಿಪಾಲದಲ್ಲಿ ಮಾನವ ಸಂಪನ್ಮೂಲವನ್ನೇ ವಿಷಯವಾಗಿ ಓದಿದವಳು ನಾನು. ಕಾಪುವಿನ ಮನೆಯಿಂದ ದಿನಾ ಸ್ಕೂಟರಿನಲ್ಲಿ ಹೋಗುವಾಗ, ಜನರನ್ನು ನಡೆಸುವುದು ನನಗೆ ಗೊತ್ತು ಎಂಬ ಧೈರ್ಯ ಬೇಕಾದಷ್ಟಿತ್ತು. ಕೆಲಸಕ್ಕೆ ಬಂದವರಲ್ಲಿ ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದ ಇವರು ಮೆಷಿನ್ ತುಳಿಯುವುದರಲ್ಲಿ ನಿಧಾನ. ಹಾಗಾಗಿ ಬಟ್ಟೆ ಮಡಚುವ ಮೂಲೆಯಲ್ಲಿ ಕೂರಿಸಿದ್ದೆ.

ಮೊದಲ ದೊಡ್ಡ ಆರ್ಡರ್ ಬಂದ ತಿಂಗಳು ದಾರದ ಉಂಡೆಗಳು ಕಾಣೆಯಾಗತೊಡಗಿದವು. ಸಂಜೆ ಹೊರಡುವಾಗ ಎಲ್ಲರೂ ಬಾಗಿಲಲ್ಲಿ ಚೀಲ ತೆರೆದು ತೋರಿಸಬೇಕು ಎಂದು ನಿಯಮ ಮಾಡಿದೆ. ಯಾರೂ ಎದುರಾಡಲಿಲ್ಲ. ಮೂರನೆಯ ದಿನ ಇಪ್ಪತ್ತು ಮೆಷಿನ್‌ಗಳಲ್ಲಿ ಹದಿನಾಲ್ಕು ಖಾಲಿ! ಗೌನು ಕೊಡಲು ಉಳಿದದ್ದು ಒಂದೇ ವಾರ.

"ಇವರಿಗೆಲ್ಲ ಎಂತ ಆಯ್ತು?" ಎಂದು ಸಿಟ್ಟಿನಲ್ಲೇ ಅಕ್ಕನನ್ನು ಕೇಳಿದೆ.

ಅವರು ಮಡಚುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟರು. "ಕಟ್ಟಿದ ಬೀಡಿ ಕೊಡ್ಲಿಕ್ಕೆ ಹೋದಾಗ ಕಂಪೆನಿಯವ ಒಬ್ಬ ನಮ್ಮ ಚೀಲ ಕೊಡವಿ ನೋಡ್ತಿದ್ದ, ಬೀಡಿ ಎಲೆ ಕದ್ದು ಉಳಿಸಿಕೊಂಡಿದ್ದೀರಿ ಅಂತ. ಇಲ್ಲಿ ಹಾಗೆಲ್ಲ ಇಲ್ಲ ಅಂತ ಹೇಳಿ ನಾನೇ ಇವರನ್ನು ಕರ್ಕೊಂಡು ಬಂದದ್ದು ಮಾರಾಯ್ತಿ."

ಅವರನ್ನೆಲ್ಲ ಕರೆತಂದದ್ದು ಅಕ್ಕ ಎಂಬುದೇ ನನಗೆ ಗೊತ್ತಿರಲಿಲ್ಲ.

"ಈಗ ಎಂತ ಮಾಡುವುದು ಅಕ್ಕ?"

"ನಾಳೆ ಬರ್ಲಿಕ್ಕೆ ಹೇಳ್ತೇನೆ. ಸಂಜೆ ಎಲ್ಲರಿಗಿಂತ ಮೊದಲು ನಿನ್ನ ಚೀಲ ತೋರಿಸು."

ಅಂದು ಅವರು ಮನೆಮನೆಗೆ ನಡೆದರು. ಮರುದಿನ ಎಲ್ಲರೂ ಬಂದರು. ಸಂಜೆ ನಾನು ಬಾಗಿಲಲ್ಲಿ ನಿಂತು ಚೀಲ ತೆರೆದು ಮೇಜಿನ ಮೇಲೆ ಸುರಿದೆ. ಕೊಡೆ, ಫೈಲು, ಅದರ ಅಡಿಯಿಂದ ಎರಡು ದಾರದ ಉಂಡೆ. ಬಣ್ಣ ತೋರಿಸಲೆಂದು ಆಸ್ಪತ್ರೆಗೆ ಒಯ್ದು ಮರೆತೇಬಿಟ್ಟಿದ್ದೆ.

ಅಕ್ಕ ಉಂಡೆಗಳನ್ನೆತ್ತಿ ಪೆಟ್ಟಿಗೆಗೆ ಹಾಕಿದರು. "ಗಡಿಬಿಡಿಯಲ್ಲಿ ಬಂದಿರ್ತದೆ. ಯಾರ ಚೀಲಕ್ಕೂ ಬರ್ತದೆ, ಅಲ್ವಾ?"

ಹಿಂದೆ ನಿಂತಿದ್ದ ಬ್ಯಾರಿ ಹುಡುಗಿಯೊಬ್ಬಳು ಕಿಸಕ್ಕೆಂದು ನಕ್ಕಳು. "ನನ್ನ ಮನೆಯಲ್ಲೂ ಒಂದು ಉಂಟು. ನಾಳೆ ತರ್ತೇನೆ."

ನಿಯಮ ಅಲ್ಲಿಗೇ ಮುಗಿಯಿತು. ಗೌನುಗಳು ಹೇಳಿದ ದಿನವೇ ಮಣಿಪಾಲ ತಲುಪಿದವು. ನಾನು ಅಕ್ಕನ ಕುರ್ಚಿಯನ್ನು ನನ್ನ ಮೇಜಿನ ಪಕ್ಕಕ್ಕೆ ತಂದೆ. ಆಮೇಲೆ ಕೆಲಸ ಕೇಳಿಕೊಂಡು ಬಂದವರನ್ನೆಲ್ಲ ಮಾತಾಡಿಸಿದ್ದು ಅವರೇ. ಹೊಲಿಗೆ ಬರುತ್ತದೆಯೇ ಎಂದು ಕೇಳುತ್ತಿರಲಿಲ್ಲ. ಎಷ್ಟು ಗಂಟೆಗೆ ಏಳುತ್ತಿ, ಮನೆಯಲ್ಲಿ ಯಾರಿಗೆ ಹುಷಾರಿಲ್ಲ, ಯಾವ ಬಸ್ಸಿಗೆ ಬರುತ್ತಿ, ಇಷ್ಟೇ. "ಬಸ್ ಯಾವುದು ಅಂತ ಕೇಳದೆ ಕೆಲಸಕ್ಕೆ ಟೈಮ್ ಇಡಬಾರದು" ಎಂದು ನನಗೆ ಹೇಳುತ್ತಿದ್ದರು. ಕಾರ್ಕಳದ ಬಸ್ಸಿನವರಿಗೆ ಒಂದು ಸಮಯ, ಉಡುಪಿ ಕಡೆಯವರಿಗೆ ಇನ್ನೊಂದು. ಅವರು ಆರಿಸಿದವರಲ್ಲಿ ಒಬ್ಬರೂ ಬಿಟ್ಟು ಹೋಗಲಿಲ್ಲ.

ಕಳೆದ ವರ್ಷ ಅವರ ಶ್ವಾಸಕೋಶ ಕೈಕೊಟ್ಟಿತು. ಮಣಿಪಾಲದ ವಾರ್ಡಿನಲ್ಲಿ ಮೂಗಿಗೆ ನಳಿಕೆ ಹಾಕಿ ಮಲಗಿಸಿದ್ದರು. ಹೇಗಿದ್ದೀರಿ ಎಂದು ನಾನು ಕೇಳುವ ಮೊದಲೇ, ಘಟಕದ ಮೂರನೆಯ ಸಾಲಿನಲ್ಲಿ ಕೂರುವ ಹೆಂಗಸಿನ ಮಾತು ತೆಗೆದರು.

"ಅವಳು ಎರಡು ಸಲ ಮೆಷಿನ್ ಬೆಳಕಿನ ಕಡೆ ಎಳೆದುಕೊಂಡಿದ್ದಾಳೆ. ನೋಡಿದ್ದೀಯಾ?"

"ಇಲ್ಲ ಅಕ್ಕ."

"ಅವಳ ಕಣ್ಣು ಡಾಕ್ಟ್ರಿಗೆ ತೋರಿಸು. ಅವಳಾಗಿ ಹೇಳುವುದಿಲ್ಲ, ಕೆಲಸ ಹೋದೀತು ಅಂತ ಹೆದರಿಕೆ." ಇಷ್ಟು ಹೇಳಲು ಅವರು ನಾಲ್ಕು ಸಲ ಉಸಿರೆಳೆದುಕೊಂಡರು.

ಮರುದಿನವೇ ಆಕೆಯನ್ನು ಉಡುಪಿಗೆ ಕರೆದೊಯ್ದೆ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಶಸ್ತ್ರಚಿಕಿತ್ಸೆಯಾಗಿ ಆಕೆ ಕೆಲಸಕ್ಕೆ ಮರಳುವಷ್ಟರಲ್ಲಿ ಅಕ್ಕ ಇರಲಿಲ್ಲ.

"ನಾನು ಗಂಡನಿಗೂ ಹೇಳಿರಲಿಲ್ಲ. ಅಕ್ಕನಿಗೆ ಹೇಗೆ ಗೊತ್ತಾಯ್ತು?" ಎಂದು ಆಕೆ ಕೇಳಿದಳು. ಬೆಳಕಿನ ಕಡೆಗೆ ಸರಿದಿದ್ದ ಆಕೆಯ ಮೆಷಿನನ್ನು ತೋರಿಸಿದೆ.

ಈಗ ದಿನಾ ಬೆಳಿಗ್ಗೆ ನನ್ನ ಮೇಜಿಗೆ ಹೋಗುವ ಮೊದಲು ಸಾಲುಗಳ ನಡುವೆ ಒಂದು ಸುತ್ತು ನಿಧಾನವಾಗಿ ನಡೆಯುತ್ತೇನೆ. ಅಕ್ಕನಿಗೆ ಕಾಣುತ್ತಿದ್ದುದರಲ್ಲಿ ಅರ್ಧವೂ ನನಗಿನ್ನೂ ಕಾಣುವುದಿಲ್ಲ.