ಹವಳಕ್ಕೆ ಬೆಳೆದ ಹಸಿರು ಗಡ್ಡ

ಸಮುದ್ರವನ್ನು ವಿನೋಬನಗರದ ನಮ್ಮ ನಡುಮನೆಗೆ ತಂದವಳು ನಾನೇ. ನಾಲ್ಕಡಿ ಉದ್ದದ ಗಾಜಿನ ತೊಟ್ಟಿ, ಉಪ್ಪುನೀರು, ಜೀವಂತ ಹವಳ, ಬಿಳಿಪಟ್ಟೆಯ ಎರಡು ಕಿತ್ತಳೆ ಮೀನು. ತೊಟ್ಟಿ ಬಂದ ದಿನ ಅತ್ತೆ ಬಾಗಿಲಲ್ಲೇ ನಿಂತು ಷರತ್ತು ಹಾಕಿದ್ದರು: "ಲಿಂಗಪೂಜೆ ನಡೆಯೋ ಮನೆ ಇದು. ಮೀನು ಸಾಕ್ಕೋ, ಬೇಡ ಅನ್ನಲ್ಲ. ಗಲೀಜಾಯ್ತೋ, ಅವತ್ತೇ ಆಚೆ." ನಾನು ಜೋರಾಗಿ ತಲೆಯಾಡಿಸಿದೆ. ಆ ಖುಷಿಯಲ್ಲಿ ಗಂಡನನ್ನೇ ಆಚೆ ಹಾಕು ಎಂದಿದ್ದರೂ ತಲೆಯಾಡಿಸುತ್ತಿದ್ದೆ.

ಕೆಲವು ತಿಂಗಳು ತೊಟ್ಟಿ ಫಳಫಳ ಹೊಳೆಯಿತು. ಆಮೇಲೆ ಒಂದು ಕಲ್ಲಿನ ಮೇಲೆ ಹಸಿರು ಕೂದಲು ಹುಟ್ಟಿತು. ಕೂದಲಿನಂಥ ಪಾಚಿ. ಎರಡೇ ವಾರದಲ್ಲಿ ಕಲ್ಲಿಗೆಲ್ಲ ಗಡ್ಡ, ಹವಳಕ್ಕೆ ಮೀಸೆ! ಹಳೇ ಟೂತ್‌ಬ್ರಷ್ ಹಿಡಿದು ಉಜ್ಜಿದೆ, ಕಿತ್ತೆ, ನೀರು ಬದಲಿಸಿದೆ, ಮೀನಿನ ಊಟ ಅರ್ಧಕ್ಕಿಳಿಸಿದೆ. ನನ್ನ ಸೇವೆ ಪಾಚಿಗೆ ಹಿಡಿಸಿರಬೇಕು, ಇನ್ನೂ ದಟ್ಟವಾಯಿತು. ಅತ್ತೆಯ ಕಣ್ಣಿಗೆ ಬಿದ್ದರೆ ಮೀನುಗಳ ಕಥೆ ಮುಗಿಯಿತು. ಹೆದರಿ ತೊಟ್ಟಿಗೆ ಹಳೇ ಸೀರೆ ಹೊದಿಸಿ, "ಬೆಳಕು ಕಮ್ಮಿ ಇರ್ಬೇಕಂತೆ ಅತ್ತೆ" ಎಂದೆ.

ಭದ್ರಾವತಿಯಲ್ಲಿ ಒಬ್ಬರು ಎಸಿ ಮೆಕ್ಯಾನಿಕ್ ಇದ್ದಾರೆ, ನಾನು ಭಾಯಿ ಎನ್ನುತ್ತೇನೆ. ಉಪ್ಪುನೀರಿನ ತೊಟ್ಟಿಯ ಹುಚ್ಚು ಅವರಿಗೆ ನನಗಿಂತ ಜಾಸ್ತಿ. ತೊಟ್ಟಿಯ ನೀರನ್ನು ಔಷಧಿ ಬಾಟಲಿಗೆ ತುಂಬಿಕೊಂಡು ಬಸ್ಸು ಹತ್ತಿದೆ. ಮಲವಗೊಪ್ಪ ಬರುವಷ್ಟರಲ್ಲಿ ಪಕ್ಕದ ಸೀಟಿನ ಹೆಂಗಸು ಬಾಟಲಿ ನೋಡಿ, "ಶುಗರ್ರಾ ಅಕ್ಕಾ? ಎಷ್ಟಿದೆ?" ಎಂದರು. ಇದು ಮೀನಿನದು ಎಂದರೆ ಕಥೆ ಉದ್ದವಾಗುತ್ತದೆಂದು "ಇನ್ನೂ ಗೊತ್ತಿಲ್ಲ" ಎಂದೆ. ಪಾಪ, ಭದ್ರಾವತಿ ಬರುವವರೆಗೂ ಮೆಂತ್ಯದ ನೀರಿನ ಮಹಿಮೆ ಹೇಳಿದರು.

ಭಾಯಿ ನೀರಿಗೆ ಪರೀಕ್ಷೆಯ ಪುಡಿ ಹಾಕಿ ಕುಲುಕಿದರು. ಕಡುನೀಲಿಯಾಯಿತು. "ಫಾಸ್ಫೇಟ್ ಸಿಕ್ಕಾಪಟ್ಟೆ ಇದೆ ಮೇಡಂ. ಪಾಚಿಗೆ ಇದೇ ಬಿರಿಯಾನಿ. ನಿಮ್ಮನೇಲಿ ಯಾರೋ ಚುಪ್‌ಚಾಪ್ ಏನೋ ಹಾಕ್ತಾ ಇದಾರೆ."

ನನ್ನ ಅನುಮಾನ ನೆಟ್ಟಗೆ ಗಂಡನ ಮೇಲೆ ಹೋಯಿತು. ಚಕ್ಕುಲಿ ಮುರಿಯುತ್ತ ತೊಟ್ಟಿ ಮುಂದೆ ನಿಲ್ಲುವ ಮನುಷ್ಯ. "ದೇವರಾಣೆ ಒಂದು ಚೂರೂ ಹಾಕಿಲ್ಲ ಮಾರಾಯ್ತಿ" ಎಂದು ಕೈಮುಗಿದರು. ನಾನು ಬಿಡುವವಳೇ? ಸೋಮವಾರ ನಾನು ಪಾಠ ಮಾಡುವ ಶಾಲೆಗೆ ರಜೆ ಹಾಕಿ ಅಡುಗೆಮನೆಯ ಬಾಗಿಲ ಹಿಂದೆ ಅಡಗಿ ಕೂತೆ.

ಅತ್ತೆಯ ಪೂಜೆ ಮುಗಿಯಿತು. ಸೋಮವಾರ ಲಿಂಗಕ್ಕೆ ಹಾಲಿನ ಅಭಿಷೇಕ. ಹಾಲು, ವಿಭೂತಿ ಬೆರೆತ ಆ ತೀರ್ಥವನ್ನು ಅವರು ಮನೆಮಂದಿಗೆಲ್ಲ ಕೊಡುತ್ತಾರೆ. ಬಟ್ಟಲು ಹಿಡಿದು ಬಂದವರು ಸೀರೆ ಸರಿಸಿದರು, ಮುಚ್ಚಳ ಎತ್ತಿದರು, ಚಮಚ ಚಮಚವಾಗಿ ತೊಟ್ಟಿಗೆ ಬಿಡತೊಡಗಿದರು. ಹಾಲು! ಬೂದಿ! ಪಾಚಿಗೆ ಹಬ್ಬದೂಟ!

"ಅತ್ತೇ!" ಎಂದು ಜಿಗಿದೆ. ಬಟ್ಟಲು ಅಲ್ಲಾಡಿತು.

"ಮನೇಲಿ ಎಲ್ರಿಗೂ ಕೊಡ್ತೀನಿ, ಇವಕ್ಕೆ ಬೇಡ್ವೇನೇ?" ಎಂದರು. ಆಮೇಲೆ ದನಿ ಇಳಿಯಿತು. "ಮೊದಲು ಒಂದೇ ಚಮಚ ಹಾಕ್ತಿದ್ದೆ. ಈ ಹಸಿರು ಶುರುವಾದ್ಮೇಲೆ ಬಟ್ಟಲುಗಟ್ಟಲೆ ಹಾಕ್ತಿದೀನಿ, ಬೇಗ ವಾಸಿಯಾಗ್ಲಿ ಅಂತ. ಗಲೀಜಾದ್ರೆ ಆಚೆ ಅಂತ ನಾನೇ ಹೇಳಿ ಕೂತಿದೀನಲ್ಲ."

ನನಗೆ ನಗು ತಡೆಯಲಾಗಲಿಲ್ಲ. ನೆಲದ ಮೇಲೆ ಕೂತು ನಕ್ಕೆ, ನಗುತ್ತಲೇ ಕಣ್ಣೊರೆಸಿಕೊಂಡೆ. ಆಮೇಲೆ ಹಾಲು, ವಿಭೂತಿಯಲ್ಲಿರುವ ಫಾಸ್ಫೇಟೇ ಪಾಚಿಯನ್ನು ಬೆಳೆಸಿದ್ದು ಎಂದು ಬಿಡಿಸಿ ಹೇಳಿದೆ. ಅವರ ಮುಖ ಸಪ್ಪಗಾಯಿತು. ಬಟ್ಟಲಲ್ಲಿ ಮೂರು ಬೆರಳು ಅದ್ದಿ, ತೊಟ್ಟಿಯ ಗಾಜಿನ ಹೊರಗಡೆ ವಿಭೂತಿಯ ಪಟ್ಟೆ ಎಳೆದರು.

"ಇನ್ಮೇಲೆ ಇವನ್ನ ಆಚೆ ಹಾಕು ಅಂತ ನಾನೇ ಹೇಳಿದ್ರೂ ಕೇಳ್ಬೇಡ ಕಣೇ" ಎಂದರು.